ಹಿಮದ ನಾಡಿನ ಗಿಳಿಗೂಟ

ನಾನು ಹುಟ್ಟಿ ಬೆಳೆದ ಮನೆಯ ಗೋಡೆಯಲ್ಲಿ ಒಂದು ಗಿಳಿಗೂಟವಿದ್ದಿತು. ಕತ್ತನ್ನು ಮೇಲೆತ್ತಿ ಕುಳಿತ ಗಿಳಿಯ ಆಕಾರದಲ್ಲಿ ಹಲಸಿನ ಮರದಿಂದ ಕೆತ್ತಿದ ಗೂಟ ಅದು. ನಮ್ಮ ತಂದೆಯವರು ಹೊಲದಿಂದ ಬಂದೊಡನೆ ತಮ್ಮ ರುಮಾಲನ್ನು ಅದಕ್ಕೆ ತೂಗುಹಾಕುತ್ತಿದ್ದರು. ಅಷ್ಟೊಂದು ಅಲಂಕಾರವಿಲ್ಲದ ಗೂಟಗಳು ಕೊಟ್ಟಿಗೆಯಲ್ಲಿಯೂ ಹಲವಾರು ಇದ್ದವು. ನೊಗಕ್ಕೆ ಬಿಗಿಯುವ ಚರ್ಮದ ಮಿಣಿಗೆ ಒಂದು, ಎತ್ತಿನ ಕಣ್ಣಿಗೆ ಒಂದು, ಬಾರುಕೋಲಿಗೆ ಒಂದು. ಉಳುಮೆ ಮುಗಿದ ಸಂಜೆ ಎಷ್ಟೇ ದಣಿದಿದ್ದರೂ ತಂದೆಯವರು ಮಿಣಿಯನ್ನು ಒರೆಸಿ, ಸುರುಳಿ ಸುತ್ತಿ, ಗೂಟಕ್ಕೆ ಸೇರಿಸದೆ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ನೆಲದ ಮೇಲೆ ಬಿಟ್ಟ ಮಿಣಿ ಇಲಿಯ ಪಾಲಾಗುತ್ತದೆ ಎಂಬುದು ಅವರ ಎಚ್ಚರಿಕೆ. ಬಾಲಕನಾಗಿದ್ದ ನನಗೆ ಅದೊಂದು ವೃಥಾ ಶ್ರಮವಾಗಿ ತೋರುತ್ತಿತ್ತು. ಮುಂದೆ ನಾನು ಓದಿ ಉಪಾಧ್ಯಾಯನಾದೆನು. ಗೂಟವೂ ಮಿಣಿಯೂ ನನ್ನ ನೆನಪಿನಿಂದ ಮರೆಯಾದವು.

ಅವು ಮರಳಿ ನೆನಪಿಗೆ ಬಂದುದು ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ. ಅಲ್ಲಿ, ಒಂದು ಲಾರಿಯ ಮುಂಭಾಗಕ್ಕೆ, ನಾವಿಬ್ಬರು ಮುದುಕರು ಸೇರಿ ಕಬ್ಬಿಣದ ಒಂದು ಗಿಳಿಗೂಟವನ್ನು ಮಾಡಿದೆವು. ಅದು ಹೇಗಾಯಿತೆಂಬುದನ್ನೂ, ಅದಕ್ಕೆ ಕಾರಣವಾದ ನನ್ನ ತಪ್ಪನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ನನ್ನ ಮಗಳೂ ಅಳಿಯನೂ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಸಮೀಪದ ಒಂದು ಸಣ್ಣ ಊರಿನಲ್ಲಿದ್ದರು. ೨೦೧೮ರ ನವೆಂಬರಿನಿಂದ ೨೦೧೯ರ ಮಾರ್ಚಿಯವರೆಗೆ ನಾನು ಅವರೊಡನೆ ಇದ್ದೆನು. "ಚಳಿಗಾಲದಲ್ಲಿ ಬರಬೇಡಿ, ಅಪ್ಪ" ಎಂದು ಮಗಳು ಹೇಳಿದ್ದಳು. ಹಿಮವನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಹಟ ನನ್ನದು. ಕಂಡೆನು, ಬೇಕಾದುದಕ್ಕಿಂತ ಹೆಚ್ಚಾಗಿಯೇ ಕಂಡೆನು.

ಬಫಲೋ ನಗರವಿರುವುದು ಈರಿ ಎಂಬ ಮಹಾಸರೋವರದ ಪೂರ್ವದ ತುದಿಯಲ್ಲಿ. ಆ ಸರೋವರದ ಉದ್ದ ಸುಮಾರು ೩೮೮ ಕಿಲೋಮೀಟರು. ಚಳಿಗಾಲದ ಆರಂಭದಲ್ಲಿ ಸರೋವರದ ನೀರು ಬೇಸಗೆಯ ಬಿಸಿಯನ್ನು ಇನ್ನೂ ಸ್ವಲ್ಪ ಉಳಿಸಿಕೊಂಡಿರುತ್ತದೆ. ಆಗ ಪಶ್ಚಿಮದಿಂದ ಬೀಸುವ ಕೊರೆಯುವ ಗಾಳಿ ಆ ನೀರಿನ ಮೇಲೆ ಹಾದುಬರುತ್ತ ಬಿಸಿಯನ್ನೂ ತೇವವನ್ನೂ ಹೀರಿಕೊಂಡು ಮೇಲೇರುತ್ತದೆ; ದಡವನ್ನು ಮುಟ್ಟಿದೊಡನೆ ಆ ತೇವವನ್ನೆಲ್ಲ ಹಿಮವಾಗಿ ಸುರಿಸಿಬಿಡುತ್ತದೆ. ಈ ಹಿಮ ಎಲ್ಲೆಡೆ ಸಮನಾಗಿ ಬೀಳುವುದಿಲ್ಲ. ಒಂದು ಪಟ್ಟಿಯಂತೆ ಬಂದು ಒಂದು ಊರನ್ನು ಹೂಳುತ್ತಿರುವಾಗ ಕೆಲವೇ ಮೈಲಿಗಳ ಆಚೆಯ ಊರಿನಲ್ಲಿ ಬಿಸಿಲಿರುವುದುಂಟು. ಸರೋವರ ಪೂರ್ತಿ ಹೆಪ್ಪುಗಟ್ಟಿದ ಮೇಲೆ ಈ ಬಗೆಯ ಹಿಮಪಾತ ಕಡಿಮೆಯಾಗುತ್ತದೆ.

ಹಿಮವೆಂದರೆ ಚಿತ್ರಪಟದ ಸೌಂದರ್ಯವೆಂದು ತಿಳಿದಿದ್ದ ನನಗೆ ಅಲ್ಲಿಯ ಜನ ಅದನ್ನು ನೋಡುವ ಬಗೆಯೇ ಬೇರೆಯೆಂದು ಬೇಗನೆ ಅರಿವಾಯಿತು. ೧೯೭೭ರ ಜನವರಿ ೨೮ರಂದು ಆರಂಭವಾದ ಹಿಮದ ಬಿರುಗಾಳಿಯ ಮಾತನ್ನು ವೃದ್ಧರು ಇಂದಿಗೂ ಆಡುತ್ತಾರೆ. ೨೦೧೪ರ ನವೆಂಬರಿನಲ್ಲಿ ನಗರದ ದಕ್ಷಿಣಕ್ಕಿರುವ ಊರುಗಳಲ್ಲಿ ಐದು ಅಡಿಗೂ ಮೀರಿ ಹಿಮ ಬಿದ್ದಿತ್ತು. ನಾನು ಹಿಂದಿರುಗಿದ ಮೇಲೆ, ೨೦೨೨ರ ಡಿಸೆಂಬರಿನಲ್ಲಿ ಬೀಸಿದ ಬಿರುಗಾಳಿಯಲ್ಲಿ ಆ ಸೀಮೆಯ ೪೦ಕ್ಕೂ ಹೆಚ್ಚು ಜನ ಮಡಿದರು. ರಸ್ತೆಗಳು ಮುಚ್ಚಿಹೋಗಿ, ಆಂಬುಲೆನ್ಸುಗಳು ಎಷ್ಟೋ ಮನೆಗಳನ್ನು ತಲುಪಲಾಗಲಿಲ್ಲ. ಆ ನಾಡಿನಲ್ಲಿ ದಾರಿಯನ್ನು ತೆರವಾಗಿಡುವುದೆಂದರೆ ಜೀವವನ್ನು ಉಳಿಸುವುದೆಂದೇ ಅರ್ಥ.

ನನ್ನ ಮಗಳ ಮನೆ ಮುಖ್ಯರಸ್ತೆಯಿಂದ ಒಳಕ್ಕೆ ಸುಮಾರು ೩೦೦ ಅಡಿ ಉದ್ದದ ಒಂದು ಓಣಿಯಲ್ಲಿತ್ತು. ಓಣಿಯಲ್ಲಿ ನಾಲ್ಕು ಮನೆಗಳು. ಮುಖ್ಯರಸ್ತೆಯ ಹಿಮವನ್ನು ಊರಾಡಳಿತದ ದೊಡ್ಡ ಲಾರಿಗಳು ತಳ್ಳಿಹೋಗುತ್ತಿದ್ದವು. ಓಣಿ ಮಾತ್ರ ಮನೆಯವರದೇ ಹೊಣೆ. ಆ ಹೊಣೆಯನ್ನು ಹೊತ್ತವರು ಪಕ್ಕದ ಮನೆಯ ಹಿರಿಯರು. ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ದೊಡ್ಡವರು. ಶಾಲಾಬಸ್ಸುಗಳ ಡಿಪೋ ಒಂದರಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ನಾನು ಉಪಾಧ್ಯಾಯನಾಗಿದ್ದೆನೆಂದು ತಿಳಿದಾಗ ಅವರು ನಕ್ಕು, "ಹಾಗಾದರೆ ನಾವಿಬ್ಬರೂ ಒಂದೇ ಕಸುಬಿನವರು. ನೀವು ಮಕ್ಕಳಿಗೆ ಪಾಠ ಹೇಳಿದಿರಿ, ನಾನು ಮಕ್ಕಳನ್ನು ಪಾಠದ ಬಾಗಿಲಿಗೆ ತಂದು ಬಿಟ್ಟೆ" ಎಂದರು. ಅಂದಿನಿಂದ ಅವರು ನನ್ನನ್ನು 'ಟೀಚರ್' ಎಂದೇ ಕರೆಯತೊಡಗಿದರು.

ಅವರ ಬಳಿ ಒಂದು ಹಳೆಯ ಸಣ್ಣ ಲಾರಿಯಿತ್ತು. ಅದರ ಮೂತಿಗೆ ಏಳೂವರೆ ಅಡಿ ಅಗಲದ, ಒಳಕ್ಕೆ ಬಾಗಿದ ಉಕ್ಕಿನ ಹಲಗೆ. ಅದನ್ನು ಅಲ್ಲಿ ಹಿಮದ ನೇಗಿಲು ಎಂದು ಕರೆಯುತ್ತಾರೆ. ಒಕ್ಕಲು ಮನೆತನದ ನನ್ನ ಕಣ್ಣಿಗೆ ಅದು ನೇಗಿಲಿಗಿಂತ ಕುಂಟೆಗೆ ಹತ್ತಿರವಾಗಿ ಕಂಡಿತು. ನೆಲವನ್ನು ಸೀಳುವುದಿಲ್ಲ, ಮೇಲಿನದನ್ನು ಹೆರೆದು ಪಕ್ಕಕ್ಕೆ ತಳ್ಳುತ್ತದೆ. ಚಾಲಕನು ಕುಳಿತಲ್ಲಿಂದಲೇ ಹಲಗೆಯನ್ನು ಎತ್ತಬಹುದು, ಇಳಿಸಬಹುದು, ಎಡಕ್ಕೋ ಬಲಕ್ಕೋ ಓರೆ ಮಾಡಬಹುದು. ಒಂದು ಸನ್ನೆಯನ್ನು ಒತ್ತಿದರೆ ಅಷ್ಟು ಭಾರದ ಉಕ್ಕು ಆನೆ ಸೊಂಡಿಲೆತ್ತಿದಂತೆ ಮೇಲೇಳುವುದನ್ನು ಕಂಡು ನಾನು ಬೆರಗಾದೆನು.

ಇದರ ಗುಟ್ಟು ಎಣ್ಣೆಯಲ್ಲಿದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಒತ್ತಡ ಹಾಕಿದರೆ ಅದು ಕುಂದದೆ ಎಲ್ಲ ದಿಕ್ಕಿಗೂ ಹರಡುತ್ತದೆಂಬ ನಿಯಮವನ್ನು ನೀವು ವಿಜ್ಞಾನದ ತರಗತಿಯಲ್ಲಿ ಓದಿರುತ್ತೀರಿ. ಅದನ್ನು ಕಂಡುಕೊಂಡವನು ಹದಿನೇಳನೆಯ ಶತಮಾನದ ಫ್ರಾನ್ಸ್ ದೇಶದ ಬ್ಲೇಸ್ ಪ್ಯಾಸ್ಕಲ್. ೧೬೨೩ರಲ್ಲಿ ಹುಟ್ಟಿದ ಆತ ಬದುಕಿದ್ದು ೩೯ ವರ್ಷ ಮಾತ್ರ. ಆ ನಿಯಮವನ್ನು ಕೆಲಸಕ್ಕೆ ಹೂಡಿ, ೧೭೯೫ರಲ್ಲಿ ದ್ರವದ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ನೆರೆಯವರ ಲಾರಿಯಲ್ಲಿಯೂ ಇದೇ ನಿಯಮ ದುಡಿಯುತ್ತಿತ್ತು. ಬ್ಯಾಟರಿಯಿಂದ ತಿರುಗುವ ಒಂದು ಪಂಪು ಎಣ್ಣೆಯನ್ನು ಒತ್ತುತ್ತದೆ. ಎರಡು ಹೋಸ್ ಪೈಪುಗಳ ಮೂಲಕ ಎಣ್ಣೆ ಹಲಗೆಯ ಹಿಂದಿನ ಎರಡು ಕೊಳವೆಗಳನ್ನು ಸೇರುತ್ತದೆ. ಎಡಗೊಳವೆಗೆ ಎಣ್ಣೆ ಹೋದರೆ ಹಲಗೆ ಒಂದು ಕಡೆಗೆ ತಿರುಗುತ್ತದೆ. ಬಲಗೊಳವೆಗೆ ಹೋದರೆ ಇನ್ನೊಂದು ಕಡೆಗೆ.

ಆ ಹೋಸುಗಳು ನಮ್ಮ ತೋಟದ ನೀರಿನ ಕೊಳವೆಯಂಥವಲ್ಲ. ಒಳಗೆ ಒಂದು ರಬ್ಬರಿನ ಕೊಳವೆ, ಅದರ ಮೇಲೆ ಜಡೆಯಂತೆ ಹೆಣೆದ ಉಕ್ಕಿನ ತಂತಿ, ಅದರ ಮೇಲೆ ಮತ್ತೊಂದು ರಬ್ಬರಿನ ಹೊದಿಕೆ. ಕೆಲಸ ಮಾಡುವಾಗ ಒಳಗಿನ ಎಣ್ಣೆಯ ಒತ್ತಡ ಒಂದು ಚದರ ಸೆಂಟಿಮೀಟರಿಗೆ ನೂರು ಕಿಲೋಗ್ರಾಮಿನಷ್ಟಾಗುತ್ತದೆ. ನಿಮ್ಮ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದು ಕ್ವಿಂಟಾಲ್ ಜೋಳದ ಚೀಲ ಕುಳಿತಂತೆ! ಇಷ್ಟನ್ನು ತಾಳುವ ಹೋಸಿಗೂ ಮೂರು ಶತ್ರುಗಳುಂಟು: ಉಜ್ಜುವಿಕೆ, ಚೂಪಾದ ಬಾಗು, ಎಳೆತ. ಮೇಲಿನ ರಬ್ಬರು ಉಜ್ಜಿ ಸವೆದರೆ, ಹಿಮ ಕರಗಿಸಲೆಂದು ರಸ್ತೆಗೆ ಚೆಲ್ಲುವ ಉಪ್ಪಿನ ನೀರು ಒಳನುಗ್ಗಿ ಉಕ್ಕಿನ ತಂತಿಯನ್ನು ತುಕ್ಕು ಹಿಡಿಸುತ್ತದೆ.

ನೆರೆಯವರ ಲಾರಿಯಲ್ಲಿ ಈ ಹೋಸುಗಳನ್ನು ಹಿಡಿದಿಡುವುದಕ್ಕೆ ಸರಿಯಾದ ಏರ್ಪಾಡು ಇರಲಿಲ್ಲ. ನಡುವೆ ಜೋತುಬಿದ್ದು ಚೌಕಟ್ಟಿನ ಸಂದಿಗೆ ಸಿಕ್ಕದಿರಲೆಂದು ಅವರು ಒಂದು ಹಗ್ಗದ ತುಂಡಿನಿಂದ ಅವನ್ನು ಮೇಲಕ್ಕೆ ಕಟ್ಟಿಡುತ್ತಿದ್ದರು. ಜನವರಿಯ ಕೊನೆಯ ವಾರದ ಒಂದು ಸಂಜೆ, ರಾತ್ರಿ ದೊಡ್ಡ ಹಿಮ ಬೀಳಲಿದೆಯೆಂದು ರೇಡಿಯೋದಲ್ಲಿ ಕೇಳಿ, ಅವರು ಹಲಗೆಯನ್ನು ಲಾರಿಗೆ ಜೋಡಿಸುತ್ತಿದ್ದರು. ನಾನು ದೀಪ ಹಿಡಿದು ನಿಂತಿದ್ದೆನು. ಹಳೆಯ ಹಗ್ಗ ನವೆದುಹೋಗಿತ್ತು. ಅವರು ಹೊಸ ನೈಲಾನ್ ಹಗ್ಗವನ್ನು ನನ್ನ ಕೈಗೆ ಕೊಟ್ಟು, "ಟೀಚರ್, ಆ ಎರಡನ್ನೂ ಮೇಲಕ್ಕೆ ಕಟ್ಟಿಬಿಡಿ" ಎಂದು ಹೇಳಿ, ಬೇರೇನನ್ನೋ ತರಲು ಒಳಗೆ ಹೋದರು.

ನಾನು ಕಟ್ಟಿದೆನು. ಬಲವಾಗಿ ಕಟ್ಟಿದೆನು. ಹೋಸುಗಳನ್ನು ಎಳೆದು, ಬಿಗಿದು, ಗಂಟಿನ ಮೇಲೆ ಗಂಟು ಹಾಕಿದೆನು. ಒಕ್ಕಲಿಗನ ಮಗನ ಗಂಟು ಹೇಗಿರುತ್ತದೆಂದು ಈ ದೇಶದವರು ನೋಡಲಿ ಎಂಬ ಹೆಮ್ಮೆಯೂ ಒಳಗೊಳಗೆ ಇದ್ದಿರಬೇಕು. ಹಲಗೆ ಓರೆಯಾದಾಗ ಹೋಸು ಅದರೊಡನೆ ಅಷ್ಟು ದೂರ ಸಾಗಬೇಕೆಂಬುದು ನನಗೆ ಹೊಳೆಯಲೇ ಇಲ್ಲ. ಕತ್ತಲಾಗಿದ್ದುದರಿಂದ ಅವರೂ ಬಂದು ನೋಡಲಿಲ್ಲ.

ಬೆಳಗಿನ ಜಾವ ಐದು ಗಂಟೆಗೆ ಲಾರಿಯ ಸದ್ದು ಕೇಳಿ ನಾನು ಕಿಟಕಿಯ ಬಳಿ ನಿಂತೆನು. ಓಣಿಯಲ್ಲಿ ಒಂದೂವರೆ ಅಡಿ ಹಿಮ. ಮುಖ್ಯರಸ್ತೆಯ ಲಾರಿ ತಳ್ಳಿದ ಹಿಮವೂ ಓಣಿಯ ಬಾಯಲ್ಲಿ ದಿಬ್ಬವಾಗಿ ನಿಂತಿತ್ತು. ನೆರೆಯವರು ಹಲಗೆಯನ್ನು ನೇರವಾಗಿಟ್ಟು ಸ್ವಲ್ಪ ಮುಂದೆ ಹೋದರು. ನಿಲ್ಲಿಸಿ, ಎಡಕ್ಕೆ ಓರೆ ಮಾಡಿದರು. ಮರುಕ್ಷಣವೇ ಲಾರಿ ನಿಂತಿತು. ಅವರು ಕೆಳಗಿಳಿದು ದೀಪ ಬೀರಿದರು. ಬೆಳ್ಳನೆಯ ಹಿಮದ ಮೇಲೆ ಕೆಂಪು ಎಣ್ಣೆ ಹರಡಿತ್ತು. ಒಂದು ಗಳಿಗೆ ನಾನು ಅದನ್ನು ರಕ್ತವೆಂದೇ ತಿಳಿದು ನಡುಗಿದೆನು.

ಹೋಸು ಅದರ ಲೋಹದ ತುದಿಯ ಬಳಿಯಲ್ಲಿ ಸೀಳಿಹೋಗಿತ್ತು. ಹೋಸೊಂದೇ ಆಗಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಓಣಿಯ ಕೊನೆಯ ಮನೆಯಲ್ಲಿ ಒಬ್ಬ ವೃದ್ಧೆ ಇದ್ದರು. ಅವರ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದುದರಿಂದ ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ ಯಂತ್ರದಿಂದ ರಕ್ತವನ್ನು ಶುದ್ಧಿ ಮಾಡಿಸಿಕೊಳ್ಳಬೇಕಾಗಿತ್ತು. ಅಂದು ಅವರ ಸರದಿ. ಆರು ಗಂಟೆಗೆ ಅವರ ಮಗನ ಕಾರು ಹೊರಡಬೇಕು.

ಅಳಿಯ ಕೋಟು ತೊಟ್ಟು ಸಲಿಕೆ ಹಿಡಿದು ಹೊರಟನು. "ಮಾವ, ನೀವು ಒಳಗೇ ಇರಿ" ಎಂದನು. ನನ್ನಿಂದ ಇರಲಾಗಲಿಲ್ಲ. ನೆರೆಯವರು, ಅಳಿಯ, ಆ ವೃದ್ಧೆಯ ಮಗ, ನಾನು, ನಾಲ್ವರೂ ಸಲಿಕೆಗಳಿಂದ ಹಿಮವನ್ನು ಎತ್ತಿ ಎಸೆಯತೊಡಗಿದೆವು. ಓಣಿಯನ್ನೆಲ್ಲ ತೆಗೆಯುವ ಮಾತೇ ಇರಲಿಲ್ಲ. ಕಾರಿನ ಚಕ್ರಗಳು ಉರುಳುವಷ್ಟು ದಾರಿಯಾದರೆ ಸಾಕೆಂದು ದುಡಿದೆವು. ಲಾರಿಯ ಹಲಗೆಗೆ ಹತ್ತು ನಿಮಿಷದ ಕೆಲಸ ನಮಗೆ ಎರಡು ಗಂಟೆ ಹಿಡಿಯಿತು. ಕಾರು ನಮ್ಮನ್ನು ದಾಟಿಹೋಗುವಾಗ ಕಂಬಳಿಯಲ್ಲಿ ಸುತ್ತಿಕೊಂಡಿದ್ದ ಆ ತಾಯಿ ಕಿಟಕಿಯ ಗಾಜಿನ ಹಿಂದಿನಿಂದ ನಮಗೆ ಕೈಮುಗಿಯುವಂತೆ ಎರಡೂ ಕೈಗಳನ್ನು ಎತ್ತಿದರು. ಎಲ್ಲರೂ ಕೈಬೀಸಿದರು. ನಾನು ಮಾತ್ರ ತಲೆಯೆತ್ತದಾದೆನು. ಆಸ್ಪತ್ರೆಯವರು ತಡವಾದರೂ ಅವರಿಗೆ ಚಿಕಿತ್ಸೆ ನಡೆಸಿದರೆಂಬ ಸುದ್ದಿ ಮಧ್ಯಾಹ್ನ ಬಂದಾಗಲೇ ನನ್ನ ಗಂಟಲಿನಲ್ಲಿ ಅನ್ನ ಇಳಿದುದು.

ಸಂಜೆ ನಾನು ನೆರೆಯವರ ಶೆಡ್ಡಿಗೆ ಹೋದೆನು. ನಾನು ಕಟ್ಟಿದ ಗಂಟು ಇನ್ನೂ ಲಾರಿಯ ಮೇಲಿತ್ತು. ಹೋಸು ಒಡೆದಿತ್ತು, ಗಂಟು ಸಡಿಲವಾಗಿರಲಿಲ್ಲ. ಅವರಿಗೆ ಕಾರಣ ಆಗಲೇ ತಿಳಿದಿತ್ತೆಂದು ನನಗೆ ಅರ್ಥವಾಯಿತು. ಆದರೂ ಅವರು ಬಾಯಿಬಿಟ್ಟು ಹೇಳಿರಲಿಲ್ಲ. ನಾನೇ ಹೇಳಿದೆನು: "ಇದು ನನ್ನ ತಪ್ಪು. ಬಿಗಿಯಾಗಿ ಕಟ್ಟಿದರೆ ಭದ್ರವೆಂದುಕೊಂಡೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ತಪ್ಪು ಒಂದು ಸಂಜೆಯದು, ಟೀಚರ್. ನನ್ನ ತಪ್ಪು ಹತ್ತು ವರ್ಷದ್ದು. ಹೀಗೆ ಹಗ್ಗದಲ್ಲಿ ಕಟ್ಟಿಡಬಾರದೆಂದು ಮೊದಲ ವರ್ಷವೇ ನನಗೆ ಗೊತ್ತಿತ್ತು. ಹೋಸಿನ ಹೊದಿಕೆ ಸವೆದಿದ್ದುದನ್ನೂ ನೋಡಿದ್ದೆ. ಮುಂದಿನ ವಾರ ಮಾಡೋಣ, ಮುಂದಿನ ವಾರ ಮಾಡೋಣ ಎನ್ನುತ್ತ ಬಂದೆ. ನಾಳೆ ಬೆಳಗ್ಗೆ ಬನ್ನಿ. ಇದಕ್ಕೊಂದು ಆಸರೆ ಮಾಡೋಣ" ಎಂದರು.

ಮರುದಿನ ಹೊಸ ಹೋಸನ್ನು ತಂದು ಜೋಡಿಸಿದೆವು. ಎಣ್ಣೆ ಎಲ್ಲಿಯಾದರೂ ಸೋರುತ್ತಿದೆಯೇ ಎಂದು ನೋಡಲು ನಾನು ಬೆರಳನ್ನು ಮುಂದೆ ಚಾಚಿದೆನು. ಅವರು ನನ್ನ ಕೈಯನ್ನು ಥಟ್ಟನೆ ಹಿಂದಕ್ಕೆಳೆದರು. ಅಷ್ಟು ಒತ್ತಡದಲ್ಲಿ ಸೂಜಿಯ ಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಮೈಯೊಳಗೆ ಹೊಕ್ಕುಬಿಡುತ್ತದೆ. ಕೈಯನ್ನೇ ಕಳೆದುಕೊಂಡವರಿದ್ದಾರೆ ಎಂದರು. ಸೋರಿಕೆಯನ್ನು ಹುಡುಕುವುದು ರಟ್ಟಿನ ತುಂಡಿನಿಂದ, ಕೈಯಿಂದಲ್ಲ. ಹೋಸನ್ನು ಮುಟ್ಟುವ ಮೊದಲು ಹಲಗೆಯನ್ನು ನೆಲಕ್ಕಿಳಿಸಿ, ಎಂಜಿನನ್ನು ನಿಲ್ಲಿಸಿ, ಒತ್ತಡವನ್ನು ಇಳಿಸಬೇಕು. ಆ ಮಾತನ್ನು ಅವರು ನನ್ನಿಂದ ಮೂರು ಸಲ ಹೇಳಿಸಿದರು. ಉಪಾಧ್ಯಾಯನಾದವನು ವಿದ್ಯಾರ್ಥಿಯಾಗುವುದು ಸುಲಭವಲ್ಲ, ಆದರೆ ಹಿತಕರ.

ಕೂಡಲೇ ಕಬ್ಬಿಣ ಕೊಯ್ಯಲು ಹೊರಡುತ್ತಾರೆಂದು ನಾನು ತಿಳಿದಿದ್ದೆನು. ಅವರು ಮೊದಲು ಕೇಳಿದ್ದು ನನ್ನ ಟಿಪ್ಪಣಿ ಪುಸ್ತಕವನ್ನು. ಹಲಗೆ ಮೇಲಿದ್ದು ಎಡಕ್ಕೆ ತಿರುಗಿದಾಗ, ಮೇಲಿದ್ದು ಬಲಕ್ಕೆ ತಿರುಗಿದಾಗ, ಕೆಳಗಿದ್ದು ಎಡಕ್ಕೆ, ಕೆಳಗಿದ್ದು ಬಲಕ್ಕೆ, ಹೀಗೆ ನಾಲ್ಕು ನೆಲೆಗಳಲ್ಲಿ ಪ್ರತಿಯೊಂದು ಹೋಸಿಗೂ ಎಷ್ಟು ಉದ್ದ ಬೇಕಾಗುತ್ತದೆಂದು ದೂರದಿಂದ ನೋಡಿ, ಗುರುತು ಹಾಕಿ, ಅಳೆದು, ಕೋಷ್ಟಕ ಬರೆಯಬೇಕು. ಕೋಷ್ಟಕ ಬರೆಯುವುದು ನನಗೆ ಒಗ್ಗಿದ ವಿದ್ಯೆ. ಬರೆದು ನೋಡಿದಾಗ ಸತ್ಯ ಕಣ್ಣಿಗೆ ಬಿದ್ದಿತು. ಅತಿ ಕಡಿಮೆ ಬೇಕಾದ ನೆಲೆಗೂ ಅತಿ ಹೆಚ್ಚು ಬೇಕಾದ ನೆಲೆಗೂ ನಡುವೆ ಹದಿನಾಲ್ಕು ಅಂಗುಲಗಳ ಅಂತರ! ಅಷ್ಟು ಚಲಿಸುವ ವಸ್ತುವನ್ನು ನಾನು ಒಂದಂಗುಲವೂ ಅಲುಗದಂತೆ ಕಟ್ಟಿದ್ದೆನು.

"ಓಡಾಡುವ ವಸ್ತುವನ್ನು ಹಿಡಿಯುವ ಮೊದಲು ಅದು ಎಲ್ಲೆಲ್ಲಿ ಓಡಾಡುತ್ತದೆಂದು ನೋಡಬೇಕು" ಎಂದರು ಅವರು. ಬುದ್ಧನು ಸೋಣನೆಂಬ ಶಿಷ್ಯನಿಗೆ ಹೇಳಿದ ವೀಣೆಯ ಉಪಮಾನ ನನಗೆ ನೆನಪಾಯಿತು. ತಂತಿ ಅತಿ ಬಿಗಿಯಾದರೂ ಇಲ್ಲ, ಅತಿ ಸಡಿಲವಾದರೂ ಇಲ್ಲ. ಹದವಾಗಿದ್ದರೆ ಮಾತ್ರ ನಾದ. ಅದನ್ನು ನಾನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೆನೋ ಲೆಕ್ಕವಿಲ್ಲ. ಬಾಯಿಗೆ ಗೊತ್ತಿದ್ದ ಆ ಮಾತು ಕೈಗೆ ಗೊತ್ತಿರಲಿಲ್ಲ.

ಮೊದಲು ರಟ್ಟನ್ನು ಕತ್ತರಿಸಿ ಮಾದರಿ ಮಾಡಿದೆವು. ಲಾರಿಯ ದೀಪಗಳಿಗೆ ಅಡ್ಡ ಬರಬಾರದು. ರೇಡಿಯೇಟರಿಗೆ ಗಾಳಿ ತಡೆಯಬಾರದು. ಲಾರಿಯ ಅಡಿಪಟ್ಟಿಗಳ ಅಂಚಿನಲ್ಲಿ ಹೊಸ ರಂಧ್ರ ಕೊರೆಯಕೂಡದು, ಅದು ಲಾರಿಯ ಬೆನ್ನೆಲುಬನ್ನೇ ದುರ್ಬಲಗೊಳಿಸಿದಂತೆ ಎಂದು ಅವರು ಹೇಳಿದರು. ಹಲಗೆಯನ್ನು ಹೊರುವ ಚೌಕಟ್ಟಿನಲ್ಲಿ ಮೊದಲೇ ಇದ್ದ ಎರಡು ರಂಧ್ರಗಳನ್ನು ಆರಿಸಿಕೊಂಡೆವು.

ಮೊದಲ ಪ್ರಯತ್ನ ಸೋತಿತು. ಶೆಡ್ಡಿನಲ್ಲಿ ಬಿದ್ದಿದ್ದ ಒಂದು ಚಪ್ಪಟೆ ಕಬ್ಬಿಣದ ಪಟ್ಟಿಯನ್ನು ಕೊರೆದು ಕೂಡಿಸಿದೆವು. ಎಂಜಿನ್ ಚಾಲೂ ಆದೊಡನೆ ಅದು ಗಾಳಿಗೆ ಸಿಕ್ಕ ತೆಂಗಿನ ಗರಿಯಂತೆ ನಡುಗತೊಡಗಿತು. ನೆರೆಯವರು ನನ್ನ ಪುಸ್ತಕದಿಂದ ಒಂದು ಹಾಳೆಯನ್ನು ಕಿತ್ತು ಒಂದು ತುದಿಯಲ್ಲಿ ಹಿಡಿದರು, ಹಾಳೆ ಜೋತುಬಿದ್ದಿತು. ಅದನ್ನೇ ಉದ್ದಕ್ಕೆ ನಡುವೆ ಮಡಿಸಿ ಹಿಡಿದರು. ಹಾಳೆ ನೆಟ್ಟಗೆ ನಿಂತಿತು. ನೀವೂ ಇದನ್ನು ಮಾಡಿ ನೋಡಬಹುದು. ಮಡಿಸಿದ ಹಾಳೆಯ ಆಕಾರದ್ದೇ ಆಂಗಲ್ ಕಬ್ಬಿಣ. ಎರಡೆರಡು ಅಂಗುಲ ಅಗಲದ ಬದಿಗಳು, ಕಾಲು ಅಂಗುಲ ದಪ್ಪ, ಹದಿನೆಂಟು ಅಂಗುಲ ಉದ್ದ, ಅಂತಹ ಒಂದು ತುಂಡನ್ನು ಗರಗಸದಿಂದ ಕೊಯ್ದೆವು. ಕೊಯ್ದವನು ನಾನು. ಅರ್ಧ ಗಂಟೆ ಹಿಡಿಯಿತು; ಮೈ ಬೆವರಿತು. ಹೊರಗೆ ಹಿಮ, ಒಳಗೆ ಬೆವರು!

ರಂಧ್ರ ಕೊರೆಯುವ ಕೆಲಸವನ್ನೂ ನನಗೇ ವಹಿಸಿದರು. ಮೊಳೆಯ ಮೊನೆಯಂಥ ಉಳಿಯಿಂದ ಒಂದು ಗುಳಿಯ ಗುರುತು ಮಾಡಿಕೊಳ್ಳದೆ ನಾನು ಬೈರಿಗೆಯನ್ನು ಇಟ್ಟೆನು. ಮೊನೆ ಜಾರಿ ರಂಧ್ರ ಸ್ವಲ್ಪ ಪಕ್ಕಕ್ಕೆ ಸರಿಯಿತು. ಬೋಲ್ಟು ಕೂಡಲಿಲ್ಲ. ಅವರು ಬೈಯಲಿಲ್ಲ, ಅರವನ್ನು ನನ್ನ ಕೈಗಿತ್ತು, "ತಪ್ಪಿದ ರಂಧ್ರವನ್ನು ಅಳಿಸುವ ರಬ್ಬರ್ ಇನ್ನೂ ಹುಟ್ಟಿಲ್ಲ, ಟೀಚರ್. ಉಜ್ಜಿ ಸರಿಮಾಡಿ" ಎಂದರು. ಎರಡನೆಯ ರಂಧ್ರಕ್ಕೆ ಮೊದಲು ಗುರುತು, ಆಮೇಲೆ ಸಣ್ಣ ಮೊನೆ, ಆಮೇಲೆ ದೊಡ್ಡ ಮೊನೆ. ನಡುನಡುವೆ ಒಂದೊಂದು ಹನಿ ಎಣ್ಣೆ. ಅದು ಸರಿಯಾಗಿ ಬಂದಿತು.

ಕಬ್ಬಿಣದ ಅಂಚುಗಳನ್ನೆಲ್ಲ ಅರದಿಂದ ತಿಕ್ಕಿ ಮೊಂಡು ಮಾಡಿದೆವು. ಹೋಸುಗಳು ಹಾಯುವ ಕಡೆ ಹಳೆಯ ಸೈಕಲ್ ಟ್ಯೂಬಿನ ಮೆತ್ತೆ ಸುತ್ತಿದೆವು. ಇನ್ನುಳಿದುದು ಮುಖ್ಯವಾದ ಪ್ರಶ್ನೆ: ಹೋಸು ಬೇಕಾದಾಗ ಚಾಚಬೇಕು, ಬೇಡವಾದಾಗ ಜೋತುಬೀಳದೆ ಮೇಲೆ ಸರಿಯಬೇಕು. ಇದಕ್ಕೆ ಅವರು ತಂದದ್ದು, ಸೊಳ್ಳೆಪರದೆಯ ಬಾಗಿಲನ್ನು ತಾನಾಗಿಯೇ ಮುಚ್ಚಿಸುವ ಒಂದು ಹಳೆಯ ಸ್ಪ್ರಿಂಗು. ಪಟ್ಟಿಯ ನಡುವೆ ಒಂದು ಕಬ್ಬಿಣದ ಸರಳನ್ನು ನಿಲ್ಲಿಸಿ, ಅದರ ತುದಿಯಿಂದ ಸ್ಪ್ರಿಂಗನ್ನು ಇಳಿಬಿಟ್ಟು, ಸ್ಪ್ರಿಂಗಿನ ಕೆಳತುದಿಯಲ್ಲಿ ಹೋಸುಗಳನ್ನು ಮೆತ್ತನೆಯ ಪಟ್ಟಿಯಿಂದ ತೂಗುಹಾಕುವುದು. ಹಲಗೆ ಎಳೆದಾಗ ಸ್ಪ್ರಿಂಗು ಹಿಗ್ಗುತ್ತದೆ. ಬಿಟ್ಟಾಗ ಕುಗ್ಗಿ ಹೋಸನ್ನು ಮೇಲೆತ್ತುತ್ತದೆ.

ಸರಳಿನ ತುದಿಯನ್ನು ಅವರು ಕೊಕ್ಕೆಯಂತೆ ಕೆಳಕ್ಕೆ ಬಗ್ಗಿಸಲು ಹೊರಟರು. ಕುಲುಕಾಟಕ್ಕೆ ಸ್ಪ್ರಿಂಗು ಜಾರಿ ಬಿದ್ದೀತೆಂದು ನನಗೆ ತೋರಿತು. ಆಗ, ಎಷ್ಟೋ ವರ್ಷಗಳ ಆಚೆಯಿಂದ, ಆ ಹಲಸಿನ ಮರದ ಗಿಳಿ ನನ್ನ ಕಣ್ಣೆದುರು ಬಂದು ಕುಳಿತಿತು. ಗಿಳಿಗೂಟಕ್ಕೆ ಹಾಕಿದ ರುಮಾಲು ಏಕೆ ಜಾರುವುದಿಲ್ಲ? ಗಿಳಿಯ ಬೆನ್ನು ತಗ್ಗು, ಕತ್ತು ಎತ್ತರ. ಎಷ್ಟು ಅಲುಗಿದರೂ ರುಮಾಲು ತಗ್ಗಿಗೇ ಬಂದು ನಿಲ್ಲುತ್ತದೆ. ನಾನು ಪುಸ್ತಕದಲ್ಲಿ ಆ ಗಿಳಿಯ ಚಿತ್ರವನ್ನು ಬರೆದು ತೋರಿಸಿದೆನು. ಅವರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಸರಳನ್ನು ಕೆಂಪಗೆ ಕಾಯಿಸಿ, ಮೊದಲು ತಗ್ಗಿಗೆ ಬಾಗಿಸಿ, ತುದಿಯನ್ನು ಮೇಲಕ್ಕೆ ಎತ್ತಿ, ಕತ್ತೆತ್ತಿದ ಗಿಳಿಯಂತೆಯೇ ಮಾಡಿದರು.

ಪಟ್ಟಿಯ ಎರಡು ಕೊನೆಗಳಲ್ಲಿ, ಹಲಗೆಯನ್ನು ಬಿಚ್ಚಿಟ್ಟಾಗ ಲಾರಿಯಲ್ಲಿ ಉಳಿಯುವ ಹೋಸಿನ ತುದಿಗಳನ್ನು ಸಿಕ್ಕಿಸಲು ಎರಡು ರಂಧ್ರಗಳು. ಧೂಳೂ ನೀರೂ ಹೋಗದಂತೆ ಅವಕ್ಕೆ ಮುಚ್ಚಳಗಳು. ತುಕ್ಕು ಹಿಡಿಯದಂತೆ ಎರಡು ಸಲ ಬಣ್ಣ. ನಡುಕಕ್ಕೆ ಸಡಿಲವಾಗದ ಬಗೆಯ ನಟ್ಟುಗಳು. ಎಲ್ಲಕ್ಕೂ ಆದ ಖರ್ಚು ಒಡೆದ ಆ ಒಂದು ಹೋಸಿನ ಬೆಲೆಗಿಂತ ಕಡಿಮೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನನಗೆ ಅಂದು ಹೊಸದಾಗಿ ಅರ್ಥವಾಯಿತು.

ಫೆಬ್ರವರಿಯ ಒಂದು ರಾತ್ರಿ ಮತ್ತೆ ಹಿಮ ಸುರಿಯಿತು. ಬೆಳಗಿನ ಐದು ಗಂಟೆಗೆ ನೆರೆಯವರು ನನ್ನನ್ನೂ ಲಾರಿಯಲ್ಲಿ ಕೂರಿಸಿಕೊಂಡರು. ಹಲಗೆ ಎಡಕ್ಕೆ ತಿರುಗಿತು. ನಾನು ಉಸಿರು ಬಿಗಿಹಿಡಿದೆನು. ದೀಪದ ಬೆಳಕಿನಲ್ಲಿ ಸ್ಪ್ರಿಂಗು ಮೆಲ್ಲಗೆ ಹಿಗ್ಗಿತು. ಹೋಸು ತನಗೆ ಬೇಕಾದಷ್ಟು ಚಾಚಿತು. ಬಲಕ್ಕೆ ತಿರುಗಿತು, ಹೋಸು ಹಿಂದೆ ಸರಿಯಿತು. ಓಣಿ ತೆರವಾಯಿತು. ಆರು ಗಂಟೆಗೆ ಕೊನೆಯ ಮನೆಯ ಕಾರು ನಮ್ಮ ಮುಂದೆ ಹಾದುಹೋಯಿತು. ಈ ಸಲ ನಾನು ತಲೆಯೆತ್ತಿ ಕೈಬೀಸಿದೆನು. ಆ ತಾಯಿಗೆ ನನ್ನ ಗಂಟಿನ ಕಥೆಯೂ ಗೊತ್ತಿರಲಿಲ್ಲ, ಗಿಳಿಯ ಕಥೆಯೂ ಗೊತ್ತಿರಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ.

ಮಾರ್ಚಿಯಲ್ಲಿ ನಾನು ಊರಿಗೆ ಹೊರಡುವ ಮುನ್ನಾದಿನ ಹಲಗೆಯನ್ನು ಬಿಚ್ಚಿಟ್ಟೆವು. ಹೋಸಿನ ತುದಿಗಳನ್ನು ಒರೆಸಿ, ಮುಚ್ಚಳ ಹಾಕಿ, ಅವುಗಳ ಸ್ಥಾನದಲ್ಲಿ ಸಿಕ್ಕಿಸಿದೆನು. ಹಾಗೆ ಮಾಡುತ್ತಿದ್ದ ನನ್ನ ಕೈಗಳು ನನ್ನವೆನಿಸಲಿಲ್ಲ. ಮಿಣಿಯನ್ನು ಒರೆಸಿ ಗೂಟಕ್ಕೆ ಹಾಕುತ್ತಿದ್ದ ತಂದೆಯವರ ಕೈಗಳಂತೆ ಕಂಡವು.

ಊರಿಗೆ ಬಂದ ಮೇಲೆ ಇನ್ನೊಂದು ಯೋಚನೆಯೂ ನನ್ನನ್ನು ಕಾಡಿದ್ದುಂಟು. ನನ್ನ ತರಗತಿಗಳಲ್ಲಿ ಚಂಚಲರಾದ ಹುಡುಗರು ಕೆಲವರಿದ್ದರು. ಅವರು ಎತ್ತ ಓಡಾಡುತ್ತಾರೆ, ಏಕೆ ಓಡಾಡುತ್ತಾರೆ ಎಂದು ನೋಡುವ ಮೊದಲೇ ನಾನು ಅವರನ್ನು ಬಿಗಿದು ಕೂರಿಸಲು ಹವಣಿಸಿದ್ದೆನು. ಗಂಟು ಬಲವಾಗಿದ್ದುದಕ್ಕೆ ಹೆಮ್ಮೆಪಟ್ಟಿದ್ದೆನು. ಒಬ್ಬಿಬ್ಬರು ಶಾಲೆಯನ್ನೇ ಬಿಟ್ಟುಹೋದರು. ತಪ್ಪಿದ ರಂಧ್ರವನ್ನು ಅಳಿಸುವ ರಬ್ಬರ್ ಹುಟ್ಟಿಲ್ಲವೆಂಬ ನೆರೆಯವರ ಮಾತು ಆಗ ಕಿವಿಯಲ್ಲಿ ಕೇಳಿಸುತ್ತದೆ. ಉಜ್ಜಿ ಸರಿಪಡಿಸುವ ಅವಕಾಶ ಕಬ್ಬಿಣದಲ್ಲಿ ದೊರೆತಷ್ಟು ಸುಲಭವಾಗಿ ಎಲ್ಲೆಡೆಯೂ ದೊರೆಯುವುದಿಲ್ಲ.

ಚಳಿಗಾಲದ ಮೊದಲ ಹಿಮ ಬಿದ್ದ ದಿನ ಅಳಿಯನು ತಪ್ಪದೆ ಫೋನು ಮಾಡುತ್ತಾನೆ. ಯೋಗಕ್ಷೇಮದ ಮಾತುಗಳಾದ ಮೇಲೆ ನಾನು ಕೇಳುವ ಪ್ರಶ್ನೆ ಒಂದೇ. ಅವನ ಉತ್ತರವೂ ಒಂದೇ: "ಮಾವ, ನಿಮ್ಮ ಗಿಳಿ ಅಲ್ಲೇ ಕುಳಿತಿದೆ."